ಯಾವ ತಿಂಗಳು ಬರ್ತೀರಿ?

ಕಲಬುರಗಿಯಲ್ಲಿ ನಮ್ಮವರ ಮನೆಗೆ ಹೋದಾಗ ಚಹಾದ ಜೊತೆ ಒಂದು ಪ್ರಶ್ನೆ ಬಂದೇ ಬರುತ್ತದೆ. "ಆರು ವರ್ಷ ಆ ಗುಡ್ಡದಾಗ ಇದ್ದಿ. ಅಲ್ಲಿ ನೋಡೂದು ಏನದ?"

ಗುಡ್ಡ ಅಂದರೆ ಚಿಂಚೋಳಿ ತಾಲೂಕಿನ ಕುಂಚಾವರಂ ಕಡೆಯ ಗುಡ್ಡಗಳು. ಕಲಬುರಗಿಯಿಂದ ಚಿಂಚೋಳಿಗೆ ಸುಮಾರು 85 ಕಿಲೋಮೀಟರ್. ಅಲ್ಲಿಂದ ಮುಂದೆ ರಸ್ತೆ ಏರುತ್ತಾ ಕಾಡಿನೊಳಗೆ ಹೊಗುತ್ತದೆ. ಆ ಕಡೆ ಇಳಿದರೆ ತೆಲಂಗಾಣ. ಪೇಟೆ ಕೆಲಸಕ್ಕೆ ಕೆಲವರು ಜಹೀರಾಬಾದಿಗೆ ಹೋಗುತ್ತಾರೆ, ಕೆಲವರು ತಾಂಡೂರಿಗೆ. ಕನ್ನಡ, ತೆಲುಗು, ಲಂಬಾಣಿ, ದಖ್ಖನಿ ಉರ್ದು, ನಾಲ್ಕನ್ನೂ ಒಂದೇ ಚಹಾ ಅಂಗಡಿಯ ಕಟ್ಟೆ ಮೇಲೆ ಕುಳಿತು ಕೇಳಬಹುದು. ಅಲ್ಲಿನ ಒಂದು ಊರಿನ ಸರಕಾರಿ ಶಾಲೆಯಲ್ಲಿ ನಾನು ವಿಜ್ಞಾನ ಕಲಿಸುತ್ತಿದ್ದೆ. ಆರ್ಡರ್ ಕೈಗೆ ಬಂದ ದಿನ ಅವ್ವ ಊಟ ಬಿಟ್ಟು ಎದ್ದಿದ್ದಳು. "ಅಷ್ಟು ದೂರ ಒಬ್ಬಾಕಿ ಹೆಂಗಿರ್ತಿ?" ಎಂದು ಅವಳ ಚಿಂತೆ. ಹೋಗುವಾಗ ನನಗೂ ಅಳು ಬಂದಿತ್ತು. ಬಿಟ್ಟು ಬರುವಾಗ ಅದಕ್ಕಿಂತ ಜಾಸ್ತಿ ಅತ್ತೆ.

ಮೊದಮೊದಲು ಯಾರಾದರೂ ಕೇಳಿದರೆ ಹೆಸರು ಹೇಳಿಬಿಡುತ್ತಿದ್ದೆ. ಚಂದ್ರಂಪಳ್ಳಿ ಡ್ಯಾಮ್ ನೋಡಿ. ಎತ್ತಿಪೋತ ಜಲಪಾತ ನೋಡಿ. ಗೊಟ್ಟಂಗೊಟ್ಟಕ್ಕೆ ಹೋಗಿ ಬಕ್ಕಪ್ರಭುವಿಗೆ ಕೈಮುಗಿದು ಬನ್ನಿ. ನನ್ನ ಮಾತು ಕೇಳಿ ಪರಿಚಯದ ಒಂದು ಕುಟುಂಬ ಏಪ್ರಿಲ್ ತಿಂಗಳ ಭಾನುವಾರ ಕಾರು ಮಾಡಿಕೊಂಡು ಹೋಯಿತು. ಎತ್ತಿಪೋತದಲ್ಲಿ ಹನಿ ನೀರಿಲ್ಲ. ಬಿಸಿಲಿಗೆ ಕಾದ ಬಂಡೆ, ಎಲೆ ಉದುರಿದ ಮರ. ಮಕ್ಕಳು ಅತ್ತವಂತೆ. ಸಂಜೆ ಅವರು ಫೋನ್ ಮಾಡಿ, "ಅಲ್ಲಿ ಏನೂ ಇಲ್ಲ ಬಿಡ್ರಿ ಟೀಚರ್" ಅಂದರು. ಅವರ ತಪ್ಪೇನೂ ಇಲ್ಲ. ನಾನು ಜಾಗ ಹೇಳಿದ್ದೆ, ತಿಂಗಳು ಹೇಳಿರಲಿಲ್ಲ.

ಅಂದಿನಿಂದ ಯಾರು ಕೇಳಿದರೂ ನಾನು ಮೊದಲು ತಿರುಗಿ ಕೇಳುವುದು ಒಂದೇ. ಯಾವ ತಿಂಗಳು ಬರ್ತೀರಿ?

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ. ಅಲ್ಲಿನ ಗುಡ್ಡ ವರ್ಷವಿಡೀ ಹಸಿರು. ನಮ್ಮ ಕಲಬುರಗಿ ಜಿಲ್ಲೆಯ ಸರಾಸರಿ 800ರ ಒಳಗೇ. ಅದೂ ನಾಲ್ಕು ತಿಂಗಳಲ್ಲಿ ಬಂದು ಹೋಗಿಬಿಡುತ್ತದೆ. ಹಾಗಾಗಿ ನಮ್ಮ ಗುಡ್ಡ ಎರಡು ತಿಂಗಳಿಗೊಮ್ಮೆ ಬೇರೆಯೇ ಗುಡ್ಡ ಆಗುತ್ತದೆ. ಬಣ್ಣ ಬೇರೆ, ವಾಸನೆ ಬೇರೆ, ತಿನ್ನುವುದು ಬೇರೆ, ಊರಲ್ಲಿ ಇರುವ ಜನವೂ ಬೇರೆ.

ನಾನು ಕೆಲಸಕ್ಕೆ ಹಾಜರಾದದ್ದು ಜೂನ್ ಮೊದಲ ವಾರ. ಮಿರಗ ಕೂಡುವ ಹೊತ್ತು. ಮೃಗಶಿರ ಮಳೆಗೆ ನಮ್ಮ ಕಡೆ ಮಿರಗ ಅಂತಲೇ ಅನ್ನುವುದು. ಹಿಂದಿನ ರಾತ್ರಿ ಗುಡುಗಿ ಸುರಿದಿತ್ತು. ಬೆಳಿಗ್ಗೆ ಶಾಲೆ ಬಾಗಿಲು ತೆಗೆದರೆ ಒಳಗೆ ಒಂದೂ ಮಗು ಇಲ್ಲ. ಎಲ್ಲ ಹಿಂದಿನ ಬಯಲಲ್ಲಿ ಮಂಡಿಯೂರಿ ಕೂತಿವೆ. ಹತ್ತಿರ ಹೋದೆ. ಐದನೇ ತರಗತಿಯ ಒಬ್ಬ ಹುಡುಗ ಮುಷ್ಟಿ ಬಿಚ್ಚಿ ತೋರಿಸಿದ. ಅಂಗೈ ಮೇಲೆ ಕೆಂಪು ಮಖಮಲ್ ಬಟ್ಟೆಯ ಚೂರು ಇಟ್ಟ ಹಾಗೆ ಒಂದು ಹುಳ. ತೊಗರಿ ಕಾಳಿನಷ್ಟು ದಪ್ಪ. ಮೈ ತುಂಬ ನವಿರು ಕೂದಲು. ಬೆರಳು ತಾಗಿಸಿದರೆ ಕಾಲು ಮಡಚಿಕೊಂಡು ಸುಮ್ಮನಾಗುತ್ತದೆ. ಉಸಿರು ಬಿಡುವಷ್ಟು ಹೊತ್ತು ಕಾದರೆ ಮೆಲ್ಲಗೆ ಕಾಲು ಚಾಚುತ್ತದೆ.

"ಮಿರಗದ ಹುಳ ರೀ ಟೀಚರ್. ಮಳಿ ಬಂದ್ರಷ್ಟ ಬರ್ತಾವ."

ಅದರ ಕಾಲು ಎಣಿಸಿ ಅಂದೆ. ಎಂಟು. ಆರು ಕಾಲಿದ್ದರೆ ಕೀಟ, ಎಂಟಿದ್ದರೆ ಜೇಡ, ಉಣ್ಣಿಗಳ ಬಳಗ. ವರ್ಷದ ಬಹುಪಾಲು ಅದು ಮಣ್ಣಿನೊಳಗೆ ಇರುತ್ತದೆ. ಮೊದಲ ದೊಡ್ಡ ಮಳೆಗೆ ಮೇಲೆ ಬಂದು, ಗೆದ್ದಲು ಸಿಕ್ಕರೆ ತಿಂದು, ಜೋಡಿಯಾಗಿ, ಮತ್ತೆ ಮಣ್ಣಿಗೆ ಇಳಿದುಬಿಡುತ್ತದೆ. ಕಾಣುವುದು ಕೆಲವೇ ದಿನ, ಅದೂ ಕೆಲವೇ ತಾಸು. ಆ ವರ್ಷದ ಮೊದಲ ಪಾಠ ಅಲ್ಲೇ ಮಣ್ಣಿನಲ್ಲಿ ಕೂತು ಆಯಿತು. ಜೂನ್ ತಿಂಗಳಲ್ಲಿ ಬರುತ್ತೇನೆ ಅನ್ನುವವರಿಗೆ ನಾನು ಹೇಳುವುದು ಇದನ್ನೇ. ಮಳೆ ಬಿದ್ದ ಮರುದಿನ ಬೆಳಿಗ್ಗೆ ಬನ್ನಿ. ಚಪ್ಪಲಿ ಬಿಟ್ಟು ನಡೆಯಿರಿ. ಕೆಳಗೆ ನೋಡುತ್ತಾ ನಡೆಯಿರಿ.

ಆ ಗುಡ್ಡದ ಕಲ್ಲಿನ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಅದು ಗೊತ್ತಾದ ಮೇಲೆ ಉಳಿದದ್ದೆಲ್ಲ ತಾನಾಗಿ ಗೊತ್ತಾಗುತ್ತದೆ.

ಕೆಳಗಡೆ ಇರುವುದು ಕಪ್ಪು ಕಲ್ಲು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಲಾವಾ ಉಕ್ಕಿ, ಪದರದ ಮೇಲೆ ಪದರವಾಗಿ ಹರಡಿ ತಣ್ಣಗಾದ ಕಲ್ಲು ಅದು. ಮಹಾರಾಷ್ಟ್ರದ ಬಹುಪಾಲು ನೆಲದಲ್ಲಿ ಹಾಸಿರುವುದೂ ಅದೇ. ನಮ್ಮ ಎರೆಮಣ್ಣು ಹುಟ್ಟಿದ್ದು ಅದು ಸವೆದು. ಗುಡ್ಡದ ತಲೆ ಮೇಲೆ ಮಾತ್ರ ಕೆಂಪು ಕಲ್ಲು ಟೋಪಿ ಹಾಕಿದ ಹಾಗೆ ಕೂತಿದೆ. ಕರಾವಳಿಯವರು ಮುರಕಲ್ಲು ಅನ್ನುತ್ತಾರಲ್ಲ, ಆ ಜಾತಿ. ಇದು ಬೇರೆ ಎಲ್ಲಿಂದಲೋ ಬಂದ ಕಲ್ಲೂ ಅಲ್ಲ. ಅದೇ ಕಪ್ಪು ಕಲ್ಲು ಲಕ್ಷಗಟ್ಟಲೆ ವರ್ಷ ಬಿಸಿಲಿಗೆ, ಮಳೆಗೆ ಮೈಯೊಡ್ಡಿ, ಕರಗುವುದೆಲ್ಲ ಕರಗಿ ಹೋಗಿ, ಕಬ್ಬಿಣ, ಅಲ್ಯೂಮಿನಿಯಂ ಅಂಶ ಉಳಿದು ಹೀಗಾಗಿದೆ. ಬೀದರ ಕೋಟೆ ನಿಂತಿರುವುದೂ ಇಂಥ ಕಲ್ಲಿನ ಮೇಲೆ. ಅದರ ಕಂದಕ ಕಡಿದದ್ದೂ ಇದರಲ್ಲೇ.

ಒಂದು ದಿನ ಮಕ್ಕಳನ್ನು ಕರೆದುಕೊಂಡು ಗುಡ್ಡ ಹತ್ತಿದೆ. ಜೊತೆಗೆ ಎರಡು ಚರಿಗೆ ನೀರು, ಅಷ್ಟೇ. ಮೇಲೆ ಕೆಂಪು ಕಲ್ಲಿನ ಮೇಲೆ ಒಂದು ಚರಿಗೆ ಸುರಿದೆವು. ಕಲ್ಲಿನ ತುಂಬ ಜೇನುಹಲ್ಲೆಯಂಥ ತೂತು. ನೀರು ಕಲ್ಲಿನ ಮೇಲೆ ನಿಲ್ಲಲಿಲ್ಲ, ಹರಿಯಲೂ ಇಲ್ಲ. ಗುಳಗುಳ ಅಂತ ಸಣ್ಣ ಸದ್ದು ಮಾಡಿ ಒಳಗೆ ಹೋಯಿತು. ಒಬ್ಬಳು ಕಲ್ಲಿಗೆ ಕಿವಿಯಿಟ್ಟು, "ಕುಡೀಲಿಕತ್ತದ್ರಿ" ಅಂದಳು. ಕೆಳಗಿಳಿದು ಹಳ್ಳದ ಕಪ್ಪು ಬಂಡೆ ಮೇಲೆ ಎರಡನೇ ಚರಿಗೆ ಸುರಿದೆವು. ಪೂರಾ ನೀರು ಜಾರಿ ನಮ್ಮ ಕಾಲಿಗೆ ಬಂತು.

ಇಷ್ಟೇ ಕಥೆ. ಮೇಲಿನ ಕಲ್ಲು ಕುಡಿಯುತ್ತದೆ, ಕೆಳಗಿನ ಕಲ್ಲು ತಡೆಯುತ್ತದೆ. ಎರಡೂ ಸೇರುವ ಜಾಗದಲ್ಲಿ ನೀರು ಅಡ್ಡ ದಾರಿ ಹುಡುಕಿಕೊಂಡು ಗುಡ್ಡದ ಪಕ್ಕೆಯಿಂದ ಹೊರಗೆ ಬರುತ್ತದೆ. ನಮ್ಮ ಕಡೆ ಅದಕ್ಕೆ ಬುಗ್ಗಿ ಅನ್ನುತ್ತಾರೆ. ಬೀದರದಲ್ಲಿ ನಾನಕ್ ಝಿರಾ, ಪಾಪನಾಶ, ಎದೆಮಟ್ಟದ ನೀರಿನಲ್ಲಿ ಸುರಂಗ ದಾಟಿ ದರ್ಶನ ಮಾಡುವ ಝರಣಿ ನರಸಿಂಹ, ಇವಕ್ಕೆಲ್ಲ ನೀರು ಸಿಗುವುದು ಇದೇ ಲೆಕ್ಕದಲ್ಲಿ. ಬಹಮನಿಗಳ ಕಾಲದಲ್ಲಿ ಅಲ್ಲಿ ಕರೇಜ್ ಕೊರೆದವರು ಕಲ್ಲಿನ ಈ ಗುಣವನ್ನು ಚೆನ್ನಾಗಿ ಬಲ್ಲವರಾಗಿದ್ದರು. ನೆಲದೊಳಗೆ ಕಾಲುವೆ ಕಡಿದು, ಗಾಳಿ ಬೆಳಕಿಗೆ ಅಲ್ಲಲ್ಲಿ ಬಾವಿಯಂಥ ಕಂಡಿ ಬಿಟ್ಟು, ನೀರನ್ನು ಅದರಷ್ಟಕ್ಕೆ ಇಳಿಜಾರಿನಲ್ಲಿ ನಡೆಸಿಕೊಂಡು ಹೋದರು. ಚಿಂಚೋಳಿ ಊರಲ್ಲೂ ಪಂಚಲಿಂಗೇಶ್ವರ ಬುಗ್ಗಿ ಇದೆ. ನಮ್ಮ ಶಾಲೆಯ ಕೆಳಗೆ ಹತ್ತು ನಿಮಿಷದ ದಾರಿಯಲ್ಲಿ ಹೆಸರಿಲ್ಲದ ಒಂದು ಪುಟ್ಟ ಬುಗ್ಗಿ ಇತ್ತು. ಅದರ ಮಾತು ಮುಂದೆ ಬರುತ್ತದೆ.

ಆಗಸ್ಟ್ ಅಂದರೆ ಎತ್ತಿಪೋತ. ಎತ್ತಿ ಹೊಯ್ಯುವುದು ಅನ್ನುವ ಅರ್ಥದ ತೆಲುಗು ಮಾತು ಅದು. ಹೆಸರಿಗೆ ತಕ್ಕ ಹಾಗೆ, ಮಳೆಗಾಲದಲ್ಲಿ ಯಾರೋ ಮೇಲಿಂದ ಹಂಡೆ ಬಗ್ಗಿಸಿದಂತೆ ಬೀಳುತ್ತದೆ. ಕಾಡಿನ ನಡುವೆ ನಡೆದು ಹೋಗಬೇಕು. ಸದ್ದು ಮೊದಲು ಕೇಳುತ್ತದೆ, ನೀರು ಆಮೇಲೆ ಕಾಣುತ್ತದೆ. ಕಲಬುರಗಿ ಬಿಸಿಲಿನಲ್ಲಿ ಬೆಳೆದ ನಮಗೆ ಅಷ್ಟು ನೀರು ಒಟ್ಟಿಗೆ ಬೀಳುವುದನ್ನು ನೋಡಿದರೆ ಮಾತೇ ಬರುವುದಿಲ್ಲ. ಮೊದಲ ಸಲ ನಾನು ಸುಮ್ನೆ ನಿಂತುಬಿಟ್ಟಿದ್ದೆ.

ಆದರೆ ಅಲ್ಲಿ ಬಂಡೆ ಪಾಚಿಗಟ್ಟಿರುತ್ತದೆ, ನೀರಿಗೆ ಇಳಿಯಬೇಡಿ. ಮೇಲೆ ಮೋಡ ಕಪ್ಪಾದರೆ ತಕ್ಷಣ ಹೊರಡಿ. ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ಮೂರನೇ ವರ್ಷ ಅಕ್ಕ, ಮಾಮಾ, ಅವರ ಇಬ್ಬರು ಮಕ್ಕಳು ಬಂದಿದ್ದರು. ಇನ್ನೊಂದು ಹತ್ತು ನಿಮಿಷ ಇರೋಣ ಎಂದು ಮಕ್ಕಳು ಹಟ ಹಿಡಿದವು, ನಾನೂ ಹೂಂ ಅಂದೆ. ವಾಪಸ್ ಬರುವಾಗ ದಾರಿಯಲ್ಲಿದ್ದ ಹಳ್ಳ ಸೇತುವೆ ಮೇಲೆ ಹರಿಯುತ್ತಿತ್ತು. ಹೋಗುವಾಗ ಪಾದ ಮುಳುಗುವಷ್ಟೂ ಇರಲಿಲ್ಲ ಅದು. ಮಾಮಾ ಗಾಡಿ ನಿಧಾನ ದಾಟಿಸೋಣ ಅಂದರು. ನನ್ನ ಕಣ್ಣ ಮುಂದೆ ಆ ಎರಡನೇ ಚರಿಗೆ ನೀರು ಬಂತು. ಕಪ್ಪು ಬಂಡೆ ಒಂದು ಹನಿಯನ್ನೂ ಇಟ್ಟುಕೊಳ್ಳುವುದಿಲ್ಲ. ಮೇಲೆ ಬಿದ್ದದ್ದೆಲ್ಲ ಅದೇ ಹೊತ್ತಿಗೆ ಕೆಳಗೆ ಬರುತ್ತದೆ. ಬೇಡ ಅಂದೆ, ಜೋರಾಗಿಯೇ ಅಂದೆ.

ಪಕ್ಕದ ಲಂಬಾಣಿ ತಾಂಡಾದ ಒಬ್ಬ ಕಾಕಾ ಛತ್ರಿ ಹಿಡಿದು ಬಂದರು. ಏನೂ ಮಾತಾಡಲಿಲ್ಲ. ನೀರಿನ ಅಂಚಿಗೆ ಒಂದು ಕಡ್ಡಿ ಚುಚ್ಚಿದರು. ಆಮೇಲೆ ನಮ್ಮ ಕಡೆ ತಿರುಗಿ, "ಈ ಕಡ್ಡಿ ನೋಡಕೋತ ಇರ್ರಿ. ಇದು ನೀರ್ ಬಿಟ್ಟು ಒಂದು ಮಾರು ಈಚಿ ಆಯ್ತಂದ್ರ ಹೊಂಡ್ರಿ. ಅಲ್ಲಿ ತನಕ ನಮ್ಮನಿಗಿ ಬರ್ರಿ" ಅಂದರು. ಮೊದಲ ಅರ್ಧ ತಾಸು ಕಡ್ಡಿ ಮುಳುಗುತ್ತಲೇ ಹೋಯಿತು. ಅವರ ಮನೆಯಲ್ಲಿ ಒಲೆ ಮುಂದೆ ಮಕ್ಕಳ ಬಟ್ಟೆ ಒಣಗಿಸಿದರು. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಕೊಟ್ಟರು. ಪಟ್ಟಣದಲ್ಲಿ ರೊಟ್ಟಿ ಮುಟ್ಟದ ಅಕ್ಕನ ಮಗಳು ಎರಡು ರೊಟ್ಟಿ ತಿಂದಳು. ಮೂರು ತಾಸಿನ ಮೇಲೆ ಕಡ್ಡಿ ಒಣ ನೆಲದಲ್ಲಿ ನಿಂತಿತ್ತು. ದುಡ್ಡು ಕೊಡಲು ಹೋದ ಮಾಮಾನ ಕೈಯನ್ನು ಆ ತಾಯಿ ಹಾಗೇ ಹಿಂದೆ ಸರಿಸಿದರು. ಇವತ್ತಿಗೂ ಅಕ್ಕನ ಮಕ್ಕಳು ಎತ್ತಿಪೋತದ ನೀರಿಗಿಂತ ಆ ಕಡ್ಡಿಯನ್ನೇ ಜಾಸ್ತಿ ನೆನೆಯುತ್ತಾರೆ.

ಡ್ಯಾಮಿನ ವಿಷಯ ಬೇಗ ಹೇಳಿಬಿಡುತ್ತೇನೆ. ಚಂದ್ರಂಪಳ್ಳಿ ಗುಡ್ಡಗಳ ನಡುವೆ ಇದೆ, ಚೆಂದ ಇದೆ. ಮಳೆಗಾಲ ಮುಗಿದ ಮೇಲೆ, ಸಂಜೆ ಹೊತ್ತಲ್ಲಿ ಹೋಗಿ. ಇಲ್ಲಿನ ನೀರು ಮುಲ್ಲಾಮಾರಿ ಸೇರಿ, ಕಾಗಿಣಾ ಸೇರಿ, ಕೊನೆಗೆ ಭೀಮೆಗೆ ಹೋಗುತ್ತದೆ. ಕಾಗಿಣಾ ಅಂದರೆ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಪಕ್ಕ ಹರಿಯುವ ಹೊಳೆ. ಕವಿರಾಜಮಾರ್ಗ ಹುಟ್ಟಿದ್ದು ಅಲ್ಲಿನ ಆಸ್ಥಾನದಲ್ಲಿ. ನಮ್ಮ ಮಕ್ಕಳಿಗೆ ಇದನ್ನು ಹೇಳಿದಾಗ ಒಬ್ಬ ಕೇಳಿದ, "ಹಂಗಾರ ಅವರು ನಮ್ಮ ನೀರೇ ಕುಡಿದ್ರೇನ್ರಿ?" ಹೌದಪ್ಪ ಅಂದೆ.

ಸೆಪ್ಟೆಂಬರ್ ಕೊನೆಗೆ ಸೀತಾಫಲ ಶುರು. ಇಡೀ ಗುಡ್ಡ ಸೀತಾಫಲ. ಯಾರೂ ನೆಟ್ಟದ್ದಲ್ಲ, ನೀರು ಹಾಕಿದ್ದಲ್ಲ. ಈ ಗಿಡದ ಎಲೆ ಆಡು ತಿನ್ನುವುದಿಲ್ಲ. ಬೇರೆ ಗಿಡಗಳನ್ನೆಲ್ಲ ಆಡು, ಕುರಿ ಮೇಯ್ದರೂ ಇದು ಉಳಿದುಕೊಳ್ಳುತ್ತದೆ. ಬೇರು ಬಿಡಲು ಅದಕ್ಕೆ ಕಲ್ಲಿನ ಸಂದು ಸಾಕು. ಅಮೆರಿಕ ಖಂಡದ ಬಿಸಿ ನಾಡುಗಳಿಂದ ಬಂದ ಗಿಡ ಅಂತ ಪಾಠದಲ್ಲಿ ಹೇಳಿದರೆ ಮಕ್ಕಳು ನಂಬಲೇ ಇಲ್ಲ. ಸೀತಮ್ಮನ ಹೆಸರಿರುವ ಹಣ್ಣು ಹೊರಗಿನದು ಹೇಗಾಗುತ್ತದೆ ಅಂತ ಅವರ ವಾದ.

ಆ ದಿನಗಳಲ್ಲಿ ಕತ್ತಲು ಇರುವಾಗಲೇ ಹೆಂಗಸರು ಬುಟ್ಟಿ ಹಿಡಿದು ಗುಡ್ಡ ಹತ್ತುತ್ತಾರೆ. ಬಿಸಿಲೇರುವ ಹೊತ್ತಿಗೆ ರಸ್ತೆ ಬದಿಗೆ ಬುಟ್ಟಿಗಳ ಸಾಲು. ನನಗೆ ಹಣ್ಣು ಆರಿಸಲು ಕಲಿಸಿದ್ದು ತಾಂಡಾದ ಒಬ್ಬ ಅಜ್ಜಿ. ಎಲ್ಲರೂ ಆಕೆಯನ್ನು ಯಾಡಿ ಅನ್ನುತ್ತಿದ್ದರು. ಲಂಬಾಣಿಯಲ್ಲಿ ಯಾಡಿ ಅಂದರೆ ತಾಯಿ. ನಾನೂ ಹಾಗೇ ಕರೆಯುತ್ತಿದ್ದೆ. ಮೊದಲ ವರ್ಷ ನಾನು ದೊಡ್ಡ ಗಾತ್ರದ್ದನ್ನೇ ಆರಿಸಿ ತಂದೆ. ಹಣ್ಣಾಗದೆ ಹಾಗೇ ಕಪ್ಪಾಗಿ ಒಣಗಿದವು. ಯಾಡಿ ನನ್ನ ಕೈಯಲ್ಲಿ ಎರಡು ಕಾಯಿ ಇಟ್ಟಳು. "ಕಣ್ಣು ನೋಡವ್ವ, ಗಾತ್ರ ನೋಡಬ್ಯಾಡ." ಸೀತಾಫಲದ ಮೈ ಮೇಲಿನ ಒಂದೊಂದು ಉಬ್ಬೂ ಒಂದೊಂದು ಕಣ್ಣು. ಎಳೆಯದರಲ್ಲಿ ಕಣ್ಣುಗಳು ಒತ್ತಾಗಿರುತ್ತವೆ, ನಡುವಿನ ಗೆರೆ ಹಸಿರು. ಬಲಿತದ್ದರಲ್ಲಿ ಕಣ್ಣುಗಳು ದೂರ ಸರಿದು, ನಡುವೆ ತಿಳಿ ಹಳದಿ ಗೆರೆ ಬೀಳುತ್ತದೆ. ಬೆರಳಿನಿಂದ ಸವರಿದರೂ ಗೊತ್ತಾಗುತ್ತದೆ. ಕಣ್ಣು ಬಿಟ್ಟ ಕಾಯಿಯನ್ನು ಹುಲ್ಲಿನಲ್ಲೋ ಜೋಳದ ಚೀಲದಲ್ಲೋ ಇಟ್ಟರೆ ಎರಡು ಮೂರು ದಿನಕ್ಕೆ ಹಣ್ಣು. ಫ್ರಿಜ್‌ನಲ್ಲಿ ಮಾತ್ರ ಇಡಬೇಡಿ, ಸಿಪ್ಪೆ ಕಪ್ಪಾಗಿ ರುಚಿ ಕೆಡುತ್ತದೆ.

ಆ ಬುಟ್ಟಿಗೆ ಚೌಕಾಸಿ ಮಾಡಬೇಡಿ ಅಂತ ನನ್ನ ವಿನಂತಿ. ಎರಡು ತಾಸು ಹತ್ತಿ, ಎರಡು ತಾಸು ಇಳಿದು ತಂದದ್ದು ಅದು. ವರ್ಷದಲ್ಲಿ ಅವರ ಕೈಗೆ ನೇರವಾಗಿ ನಗದು ಬರುವ ದಿನಗಳು ಕೆಲವೇ.

ಬಂದರೆ ದೀಪಾವಳಿಗೆ ಬನ್ನಿ ಎಂದು ಎಲ್ಲರಿಗೂ ಹೇಳಲಾರೆ. ಅದು ನೋಡಲು ಬರುವ ಹಬ್ಬ ಅಲ್ಲ. ಕರೆದರೆ ಮಾತ್ರ ಹೋಗಬೇಕು. ನನ್ನನ್ನು ಎರಡನೇ ವರ್ಷ ಕರೆದರು. ಅಮಾವಾಸ್ಯೆ ರಾತ್ರಿ ತಾಂಡಾದ ಮದುವೆಯಾಗದ ಹೆಣ್ಣುಮಕ್ಕಳೆಲ್ಲ ಕೈಯಲ್ಲಿ ದೀಪ ಹಿಡಿದು ಮನೆಮನೆಗೆ ಹೋಗುತ್ತಾರೆ. ಪ್ರತಿ ಬಾಗಿಲಲ್ಲಿ ನಿಂತು ಹಾಡಿ, ಹಿರಿಯರಿಗೆ 'ಮೇರಾ' ಅಂತ ಹರಸುತ್ತಾರೆ. ನನ್ನ ತರಗತಿಯಲ್ಲಿ ಬಾಯಿಯೇ ಬಿಡದ ಒಬ್ಬ ಹುಡುಗಿ ಆ ರಾತ್ರಿ ಎಲ್ಲರಿಗಿಂತ ಮುಂದೆ ನಿಂತು ಹಾಡುತ್ತಿದ್ದಳು. ದೀಪದ ಬೆಳಕು ಗಲ್ಲದ ಮೇಲೆ ಆಡುತ್ತಿತ್ತು. ಮರುದಿನ ಹುಡುಗಿಯರು ಕಾಡಿಗೆ ಹೋಗಿ ಬುಟ್ಟಿ ತುಂಬ ಹೂವು ತಂದರು. ಸಗಣಿಯ ಗುಪ್ಪೆ ಮಾಡಿ ಅದಕ್ಕೆ ಹೂವು ಏರಿಸಿದರು. ಹೊರಗೆ ಗುಡ್ಡದ ಮೇಲೆ ಆಗ ತಾನೆ ತೊಗರಿ ಹಳದಿ ಹೂವಾಗಿತ್ತು.

ದೀಪಾವಳಿ ಆದ ಮೇಲೆ ಊರು ಖಾಲಿಯಾಗತೊಡಗುತ್ತದೆ. ಕಬ್ಬು ಕಡಿಯಲು, ಮುಂಬೈ, ಪುಣೆ, ಹೈದರಾಬಾದಿನಲ್ಲಿ ಕಟ್ಟಡದ ಕೆಲಸಕ್ಕೆ ಗುಳೆ ಹೋಗುತ್ತಾರೆ. ಒಂದು ಸೋಮವಾರ ಹಾಜರಿ ಕರೆಯುತ್ತಿದ್ದೆ. ಹಾಡಿದ ಹುಡುಗಿಯ ಹೆಸರು ಎರಡು ಸಲ ಕೂಗಿದೆ. "ಹೋದ್ರ್ರೀ ಟೀಚರ್, ರಾತ್ರಿ ಟೆಂಪೊ ಬಂದಿತ್ತು" ಅಂದವು ಉಳಿದ ಮಕ್ಕಳು. ಗುಡ್ಡದ ಅಂದವನ್ನು ಬರೆಯುವಾಗ ಇದನ್ನು ಬಿಟ್ಟು ಬರೆಯಲು ನನಗೆ ಮನಸ್ಸು ಬರುವುದಿಲ್ಲ. ಡಿಸೆಂಬರ್ ಹೊತ್ತಿಗೆ ತಾಂಡಾಕ್ಕೆ ಹೋದರೆ ಬೀಗ ಹಾಕಿದ ಮನೆ, ಅಂಗಳದಲ್ಲಿ ಅಜ್ಜ ಅಜ್ಜಿ, ಅವರ ಮಡಿಲಲ್ಲಿ ಚಿಕ್ಕ ಮಕ್ಕಳು. ನೋಡಲು ಏನದ ಅಂದರೆ ಇದೂ ಅದೆ.

ಎಳ್ಳಾಮವಾಸಿಗೆ ಹೊಲದ ಊಟ. ಕಲಬುರಗಿ, ಬೀದರ ಮಂದಿಗೆ ಇದನ್ನು ನಾನು ವಿವರಿಸಬೇಕಾಗಿಲ್ಲ, ಅಲ್ವಾ? ಬೇರೆ ಕಡೆಯವರಿಗೆ ಇಷ್ಟು ಹೇಳುತ್ತೇನೆ. ಅವತ್ತು ಯಾರ ಹೊಲದ ಬದುವಿನಲ್ಲಿ ನಡೆದರೂ "ಬರ್ರಿ, ಉಣ್ಣಬರ್ರಿ" ಅಂತ ಕರೆಯುತ್ತಾರೆ. ಬೆಳೆಗೆ ಚರಗದ ನೈವೇದ್ಯ ಚೆಲ್ಲಿ, ಸಜ್ಜಿ ರೊಟ್ಟಿ, ಎಲ್ಲ ಕಾಳು ಕಾಯಿಪಲ್ಯೆ ಕೂಡಿಸಿ ಮಾಡಿದ ಭಜ್ಜಿ, ಗಡಿಗೆಯಲ್ಲಿ ಅಂಬಲಿ. ಇಲ್ಲ ಅನ್ನದೆ ಕೂತುಬಿಡಿ. ನಮ್ಮ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಜಿಐ ಟ್ಯಾಗ್ ಸಿಕ್ಕಿತು. ಆದರೆ ಅದರ ರುಚಿ ತಿಳಿಯಬೇಕಾದರೆ ಹಸಿ ತೊಗರಿ ಕಾಯಿ ಉಪ್ಪು ಹಾಕಿ ಕುದಿಸಿ ಹೊಲದಲ್ಲೇ ಸುಲಿದು ತಿನ್ನಬೇಕು.

ಫೆಬ್ರವರಿಯಲ್ಲಿ ಎಲೆಯೆಲ್ಲ ಉದುರಿ ಕಾಡು ಬರಿದಾಗುತ್ತದೆ. ಆಗ ಮುತ್ತುಗ ಹೂ ಬಿಡುತ್ತದೆ. ಒಂದು ಎಲೆಯೂ ಇಲ್ಲದ ಗೊಡ್ಡು ಕೊಂಬೆಗೆ ಬೆಂಕಿ ಹತ್ತಿದ ಹಾಗೆ ಕೇಸರಿ. ಹೂವು ಗಿಳಿಯ ಕೊಕ್ಕಿನ ಆಕಾರ. ಮಕ್ಕಳು ಅದನ್ನು ಕುದಿಸಿ ಹೋಳಿ ಹಬ್ಬಕ್ಕೆ ಬಣ್ಣ ಮಾಡುತ್ತಿದ್ದರು. ಗುಳೆ ಹೋದವರಲ್ಲಿ ಕೆಲವರು ಹಬ್ಬಕ್ಕೆ ಊರಿಗೆ ಬರುತ್ತಾರೆ. ತಾಂಡಾದಲ್ಲಿ ಹಲಗೆ ಬಾರಿಸುತ್ತಾ ಲೇಂಗಿ ಹಾಡುವುದು ರಾತ್ರಿಯೆಲ್ಲ ಕೇಳುತ್ತದೆ.

ಪ್ರಾಣಿ ನೋಡಬೇಕು ಅನ್ನುವವರಿಗೂ ಇದೇ ಸಮಯ. ಮರೆಗೆ ಎಲೆ ಇರುವುದಿಲ್ಲ. 2011ರಲ್ಲಿ ಈ ಕಾಡಿನ ಸುಮಾರು 135 ಚದರ ಕಿಲೋಮೀಟರ್ ಜಾಗವನ್ನು ವನ್ಯಜೀವಿಧಾಮ ಅಂತ ಸಾರಿದರು. ಆನೆ, ಹುಲಿ ಹುಡುಕಿಕೊಂಡು ಬರಬೇಡಿ. ಇದು ತೋಳದ ಕಾಡು, ನರಿಯ ಕಾಡು, ಕತ್ತೆಕಿರುಬದ ಕಾಡು. ನಾಲ್ಕು ಕೊಂಬಿನ ಕೊಂಡುಕುರಿಯೂ ಇದೆ. ಆ ಪ್ರಾಣಿ ಭಾರತ, ನೇಪಾಳ ಬಿಟ್ಟರೆ ಲೋಕದಲ್ಲಿ ಇನ್ನೆಲ್ಲೂ ಇಲ್ಲ. ಆರು ವರ್ಷದಲ್ಲಿ ನಾನು ತೋಳ ನೋಡಿದ್ದು ಒಂದೇ ಸಲ. ಬೆಳಗಿನ ಜಾವ, ಬಸ್ಸಿಗೆ ನಡೆಯುವಾಗ, ಹೊಲದಾಚೆ ನಿಂತು ನನ್ನನ್ನೇ ನೋಡುತ್ತಿತ್ತು. ನಾಯಿಗಿಂತ ಕಾಲು ಉದ್ದ. ನೋಟ ಬೇರೆ. ತಿರುಗಿ ಓಡಲಿಲ್ಲ. ತನ್ನ ಕೆಲಸ ನೆನಪಾದವರ ಹಾಗೆ ನಡೆದು ಹೋಯಿತು. ಒಳಗೆ ಹೋಗಲು ಅರಣ್ಯ ಇಲಾಖೆಯವರ ಅನುಮತಿ ಪಡೆಯಿರಿ. ತಿಂದ ಪೊಟ್ಟಣ, ಕುಡಿದ ಬಾಟಲಿ ವಾಪಸ್ ತನ್ನಿ. ಮಳೆಗಾಲ ಕಳೆದ ಮೇಲೆ ಜಲಪಾತದ ಕೆಳಗೆ ಬಂಡೆ ಸಂದಿನಲ್ಲಿ ನಾನೂ ಮಕ್ಕಳೂ ಮೂರು ಗೋಣಿಚೀಲ ಪ್ಲಾಸ್ಟಿಕ್ ಆರಿಸಿದ್ದೇವೆ. ಒಡೆದ ಗಾಜು ಒಬ್ಬ ಹುಡುಗನ ಹಿಮ್ಮಡಿಗೆ ಹೊಕ್ಕಿತ್ತು. ಅವನು ಬರಿಗಾಲಲ್ಲಿ ಓಡಾಡುವವನು. ಆ ಗುಡ್ಡ ಅವನ ಮನೆಯಂಗಳ.

ಇನ್ನು ಮೇ. ಕಲಬುರಗಿಯ ಮೇ ತಿಂಗಳು ಏನೆಂದು ಹೇಳಬೇಕೇ? 42, 43 ಡಿಗ್ರಿ. ಆಗ ಯಾರೂ ಬರುವುದಿಲ್ಲ. ಆದರೆ ಗುಡ್ಡ ತನ್ನ ಗುಟ್ಟು ತೋರಿಸುವುದು ಆಗಲೇ ಅಂತ ನನಗೆ ಅನಿಸುತ್ತದೆ. ಎಲ್ಲ ಒಣಗಿದ ಮೇಲೂ ಆ ಹೆಸರಿಲ್ಲದ ಬುಗ್ಗಿ ನಿಲ್ಲುತ್ತಿರಲಿಲ್ಲ. ಕೆಂಪು ಕಲ್ಲಿನ ಬುಡದಿಂದ ಬೆರಳಿನಷ್ಟು ನೀರು. ಅದರ ಸುತ್ತ ಎರಡು ಮಾರು ಜಾಗ ಮಾತ್ರ ಹಸಿರು. ಕಪ್ಪೆ, ಚಿಟ್ಟೆ, ಜೇನು ಎಲ್ಲ ಅಲ್ಲೇ. ಮಧ್ಯಾಹ್ನ ಅಲ್ಲಿ ಕೂತರೆ ಕಲ್ಲಿನೊಳಗಿಂದ ತಣ್ಣನೆ ಗಾಳಿ ಕಾಲಿಗೆ ತಾಗುತ್ತದೆ.

ಮಕ್ಕಳು ಪ್ರತಿ ತಿಂಗಳ ಮೊದಲ ಶನಿವಾರ ಅಲ್ಲಿ ಒಂದು ಕೊಡ ಇಟ್ಟು, ತುಂಬಲು ಎಷ್ಟು ಹೊತ್ತು ಬೇಕು ಅಂತ ನನ್ನ ಗಡಿಯಾರ ಹಿಡಿದು ಬರೆಯುತ್ತಿದ್ದರು. ಅಕ್ಟೋಬರಿನಲ್ಲಿ ಕೊಡ ಇಡುವುದರೊಳಗೆ ತುಂಬುತ್ತಿತ್ತು. ಮೇ ತಿಂಗಳಲ್ಲಿ ಒಂದು ಪದ್ಯ ಬಾಯಿಪಾಠ ಮಾಡುವಷ್ಟು ಹೊತ್ತು. ಗೋಡೆಯ ಮೇಲೆ ಆ ಚಾರ್ಟು ವರ್ಷದಿಂದ ವರ್ಷಕ್ಕೆ ಉದ್ದವಾಯಿತು. ಐದನೇ ವರ್ಷ ಪಕ್ಕದ ಗುಡ್ಡದ ತಲೆಯಿಂದ ಯಾರೋ ಮೊರಂ, ಅಂದರೆ ಕೆಂಪು ಗರಸು ಮಣ್ಣು, ತೆಗೆದು ಸಾಗಿಸಿದರು. ಮರುವರ್ಷ ಏಪ್ರಿಲಿಗೇ ಆ ಗುಡ್ಡದ ಬುಗ್ಗಿ ನಿಂತಿತು. ನಮ್ಮದು ನಿಲ್ಲಲಿಲ್ಲ. "ಆ ಗುಡ್ಡದ ಟೋಪಿ ತೆಗದಾರಲ್ರಿ, ಹಿಂಗಾಗಿ" ಅಂದ ಮಿರಗದ ಹುಳ ತೋರಿಸಿದ್ದ ಹುಡುಗ. ಅವನು ಆಗ ಹತ್ತನೇ ತರಗತಿ. ನಾನು ಬಾಯಿಬಿಟ್ಟು ಹೇಳಿಕೊಡದ ಪಾಠ ಅದು. ಅವನೇ ಕಂಡುಕೊಂಡಿದ್ದ.

ಆ ವರ್ಷ ನನಗೆ ಕಲಬುರಗಿಗೆ ವರ್ಗವಾಯಿತು. ಈಗ ಮನೆಯಲ್ಲಿ ನಲ್ಲಿ ತಿರುಗಿಸಿದರೆ ನೀರು. ಅವ್ವನಿಗೆ ಸಮಾಧಾನ.

ಈ ಸಲ ಮಳೆ ತಡ. ಜೂನ್ ಎರಡನೇ ವಾರ ಬಂದರೂ ಕಲಬುರಗಿಯಲ್ಲಿ ಬರೀ ಧಗೆ. ಮೊನ್ನೆ ಬೆಳಿಗ್ಗೆ ಆರೂವರೆಗೆ ಫೋನ್ ಟಿಣ್ ಅಂತು. ನೋಡಿದರೆ ಒಂದು ಫೋಟೊ. ಕೆಸರು ಮೆತ್ತಿದ ಅಂಗೈ, ಉಗುರಿನ ಸಂದಿಯಲ್ಲಿ ಕೆಂಪು ಮಣ್ಣು, ನಡುವೆ ಕೆಂಪು ಮಖಮಲ್ಲಿನ ಒಂದು ಚೂರು. ಕೆಳಗೆ ಎರಡೇ ಪದ.

"ಟೀಚರ್, ಬಂದಾವ."

ಅಕ್ಕನಿಗೆ ಫೋನ್ ಮಾಡಿದೆ. ಈ ಭಾನುವಾರ ಗಾಡಿ ಖಾಲಿ ಇದೆಯಾ ಅಂತ ಕೇಳಿದೆ.